ನೆರಳಿನಲ್ಲಿ ಕೂರುವುದನ್ನು ಕಲಿತ ಬೇಸಿಗೆ

ಕೆಂಗಲ್ಲೂರು, ಮಲಪ್ರಭಾ ದಂಡೆ
ಮೇ ತಿಂಗಳ ಐವತ್ಮೂರನೆಯ ತಾರೀಖು, ೨೨೩೧

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ, ಹೊದಿಕೆ ಹೊಲಿಯುವ ಫಕೀರವ್ವ ಸಾಲಿಮನಿ ಮಾಡುವ ಶರಣು.

ತಾರೀಖು ನೋಡಿ ಇವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೆ ಜೂನ್ ಹುಟ್ಟುವುದಿಲ್ಲ. ಮೇ ತಿಂಗಳೇ ಮುಂದುವರಿಯುತ್ತಾ ಹೋಗುತ್ತದೆ, ಮೂವತ್ತೆರಡು, ನಲವತ್ತು, ಐವತ್ತು. ಒಂದು ವರ್ಷ ತೊಂಬತ್ತರವರೆಗೆ ಹೋಗಿತ್ತಂತೆ. ಇವತ್ತು ಬೆಳಿಗ್ಗೆ ದಪ್ಪ ಹನಿಯ ಮಳೆ ಬಿತ್ತು, ಹಾಗಾಗಿ ನಾಳೆ ಜೂನ್ ಒಂದು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ. ಕಚೇರಿಯಲ್ಲಿ ಒಂದು ಪೆಟ್ಟಿಗೆ ಇದೆ, ಅದರಲ್ಲಿ ಹಾಕಿದರೆ ಹಿಂದಿನವರಿಗೆ ಮುಟ್ಟುತ್ತದೆ ಎನ್ನುತ್ತಾರೆ. ಲೆಕ್ಕದ ಪ್ರಕಾರ ನೀವೆಲ್ಲ ನನಗೆ ಹಿರಿಯರು. ನಿಮ್ಮಲ್ಲಿ ಆರು ವರ್ಷದ ಕೂಸು ಇದನ್ನು ಓದಿದರೂ ಅದಕ್ಕೂ ನಾನು ಬಹುವಚನವನ್ನೇ ಹಚ್ಚಬೇಕು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ನಮ್ಮ ಮನೆಯ ಐದೂ ಜನ ಈ ಬೇಸಿಗೆಯಲ್ಲಿ ಏಳು ಸಲ ಊರ ಹೊರಗೆ ಹೋಗಿ ಬಂದೆವು. ಹಗಲಿನಲ್ಲಿ. ಬಿಸಿಲಿನಲ್ಲಿ. ಬುತ್ತಿ ಕಟ್ಟಿಕೊಂಡು ಹೋಗಿ, ಗಿಡದ ಕೆಳಗೆ ಉಂಡು, ನಮ್ಮ ನಮ್ಮ ಕಾಲ ಮೇಲೆ ನಡೆದು ವಾಪಸ್ಸು ಬಂದೆವು. ಇದರಲ್ಲೇನು ದೊಡ್ಡಸ್ತಿಕೆ ಎಂದು ನೀವು ಮೂಗು ಮುರಿಯುತ್ತೀರಿ, ಬಲ್ಲೆ. ನೀವು ರಜೆ ಬಂತೆಂದರೆ ಮಕ್ಕಳನ್ನು ಎಳೆದುಕೊಂಡು ಕೆರೆ, ಗುಡ್ಡ, ಅಜ್ಜಿಯ ಊರು ಎಂದು ತಿರುಗುವ ಜನ. ನಮ್ಮ ಊರಿನಲ್ಲಿ ನೂರಾನಾಲ್ಕು ವರ್ಷಗಳಿಂದ ಒಂದು ಮನೆಯವರೂ ಇದನ್ನು ಮಾಡಿರಲಿಲ್ಲ.

ನಮ್ಮ ಮುತ್ತಜ್ಜಿಯ ಕಾಲದಲ್ಲಿ ಮೂರು ಬೇಸಿಗೆ ಸಾಲಾಗಿ ಕೆಟ್ಟವು. ಜನ ಹೊಲದಲ್ಲಿ, ಬಸ್ಸಿಗೆ ಕಾಯುತ್ತಾ ನಿಂತಲ್ಲಿ, ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಲ್ಲಿ ಬಿದ್ದು ಸತ್ತರು. ಬದುಕಿ ಉಳಿದವರು ಊರಿನ ಮೇಲೆ ಬಟ್ಟೆ ಹೊದಿಸಿದರು. ಅದೇ ಹೊದಿಕೆ. ಗುಡ್ಡದಿಂದ ಗುಡ್ಡಕ್ಕೆ ಕಂಬ ನಿಲ್ಲಿಸಿ, ಬೀದಿ, ಮನೆ, ಶಾಲೆ, ಬಾವಿ ಎಲ್ಲದರ ಮೇಲೆ ಎಳೆದ ಬೂದಿ ಬಣ್ಣದ ದಪ್ಪ ಬಟ್ಟೆ. ಸುತ್ತಲೂ ಗೋಡೆ, ಗೋಡೆಗೆ ಒಂದೇ ಬಾಗಿಲು. ಶಿವರಾತ್ರಿಯ ದಿನ ಬಾಗಿಲು ಮುಚ್ಚಿದರೆ ತೆರೆಯುವುದು ಮೊದಲ ಮಳೆಗೆ. ನಡುವಿನ ನಾಲ್ಕೈದು ತಿಂಗಳು ಯಾರೂ ಹೊರಗೆ ಹೋಗುವಂತಿಲ್ಲ. ಹೊಲದ ಕೆಲಸಕ್ಕೆ ಯಂತ್ರಗಳು ಹೋಗುತ್ತವೆ, ಮಾವಿನಹಣ್ಣು ಕಿತ್ತು ತರುವವೂ ಅವೇ. ಮಳೆಗಾಲ ಬಂದರೆ ಹೊದಿಕೆಯನ್ನು ಮಡಚಿ ಇಡುತ್ತೇವೆ. ಚಳಿಗಾಲದಲ್ಲಿ ನಿಮ್ಮ ಹಾಗೆಯೇ ಬಯಲಿನಲ್ಲಿ ಬಿಸಿಲು ಕಾಯಿಸುತ್ತಾ ಕೂರುತ್ತೇವೆ. ಬೇಸಿಗೆ ಎಂಬುದೊಂದೇ ನಮಗೆ ಗೊತ್ತಿರಲಿಲ್ಲ. ಹೊರಗೆ ಆಗ ಎಲ್ಲ ಸುಟ್ಟು ಕರಕಲಾಗಿರುತ್ತದೆ, ಹಕ್ಕಿಯೂ ಇರುವುದಿಲ್ಲ ಎಂದು ಶಾಲೆಯಲ್ಲಿ ಕಲಿಸುತ್ತಿದ್ದರು. ನಾನೂ ಬಾಯಿಪಾಠ ಮಾಡಿ ಒಪ್ಪಿಸಿದ್ದೇನೆ.

ನನಗೆ ಅನುಮಾನ ಬಂದದ್ದು ಬಟ್ಟೆಯಿಂದ. ನಲವತ್ತು ವರ್ಷ ನಾನು ಹೊದಿಕೆ ಹೊಲಿದಿದ್ದೇನೆ. ಹರಿದ ತುಂಡು ಬಿಚ್ಚುವುದು, ಹೊಸ ತುಂಡು ಜೋಡಿಸುವುದು, ಅದೇ ನನ್ನ ಬದುಕು. ಕೆಲಸಕ್ಕೆ ಸೇರಿದಾಗ ದಕ್ಷಿಣದ ಅಂಚಿನ ಬಟ್ಟೆ ಮೂರು ಬೇಸಿಗೆಗೆ ಹಪ್ಪಳದಂತೆ ಮುರಿಯುತ್ತಿತ್ತು. ಆಮೇಲೆ ನಾಲ್ಕು ಬೇಸಿಗೆ ಬಂತು, ಐದು ಬಂತು. ಹೋದ ವರ್ಷ ಒಂದು ತುಂಡನ್ನು ಬಿಚ್ಚಿ ನೋಡಿದೆ, ಒಂಬತ್ತು ಬೇಸಿಗೆ ಕಂಡ ಬಟ್ಟೆ, ಸೂಜಿ ಚುಚ್ಚಿದರೆ ಇನ್ನೂ ಹಿಡಿತ ಗಟ್ಟಿ. ಬಟ್ಟೆ ಅದೇ, ನೂಲು ಅದೇ, ಹೊಲಿಯುವ ಕೈಯೂ ಅದೇ. ಹಾಗಾದರೆ ಬದಲಾದದ್ದು ಬಿಸಿಲು. ನಿಮ್ಮ ಮೊಮ್ಮಕ್ಕಳು ಹೊಗೆ ನಿಲ್ಲಿಸಿದ್ದು, ಅವರ ಮಕ್ಕಳು ಗುಡ್ಡದ ತುಂಬ ಗಿಡ ಹಾಕಿದ್ದು, ಎಲ್ಲ ಸೇರಿ ಬಿಸಿಲು ಮೆತ್ತಗಾಗಿದೆ. ನಾವು ಮಾತ್ರ ಮುತ್ತಜ್ಜಿಯ ಹೆದರಿಕೆಯನ್ನೇ ಹೊದ್ದುಕೊಂಡು ಒಳಗೆ ಕುಳಿತಿದ್ದೇವೆ.

ಬಟ್ಟೆಯ ತುಂಡನ್ನು ಹಿಡಿದುಕೊಂಡು ನೆರಳ ಪಂಚಾಯತಿಗೆ ಹೋದೆ. ಹೊದಿಕೆ, ಬಾಗಿಲು, ನೀರು ಮೂರರ ಯಜಮಾನಿಕೆ ಈ ಪಂಚಾಯತಿಯದು. ಅದರ ಹಿರಿಯ ಗದಿಗೆಪ್ಪ ಕಳಸದ, ಮೂವತ್ತು ವರ್ಷದಿಂದ ಅದೇ ಕುರ್ಚಿ, ಅದೇ ಗಂಟುಮೋರೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು, ಆದರೆ ಹೊಸದೇನನ್ನು ಕೇಳಿದರೂ ಆತನಿಗೆ ಕೆಮ್ಮು ಬರುತ್ತದೆ. ಅವತ್ತೂ ಕೆಮ್ಮಿದ. ನಾನು ಬಟ್ಟೆಯನ್ನು ಆತನ ಮೇಜಿನ ಮೇಲೆ ಹಾಸಿ, "ನೀವಽ ಹರೀರಿ ನೋಡೋಣು" ಎಂದೆ. ಎರಡೂ ಕೈಯಿಂದ ಎಳೆದ, ಹರಿಯಲಿಲ್ಲ. ಮತ್ತೊಬ್ಬರು ಎಳೆದರು, ಹರಿಯಲಿಲ್ಲ. ಆಮೇಲೆ ನಾಲ್ಕು ತಿಂಗಳು ಮಾತುಕತೆ. ಕಡೆಗೆ ಒಂದು ತೀರ್ಮಾನ ಬಂತು, ಅದರ ಷರತ್ತು ಕೇಳಿದರೆ ನಿಮಗೂ ಎದೆ ಝಲ್ಲೆನ್ನುತ್ತದೆ.

ಒಂದೇ ಮನೆಯವರಿಗೆ, ಅಂದರೆ ನಮಗೆ, ಯುಗಾದಿಯಿಂದ ಮೊದಲ ಮಳೆಯವರೆಗೆ ಏಳು ಬಿಸಿಲಚೀಟಿ. ಒಂದು ಚೀಟಿಗೆ ಒಂದು ಹಗಲು ಹೊರಗೆ. ಮನೆಯ ಐದೂ ಜನ ಹೋಗಬೇಕು, ಐದೂ ಜನ ಏಳೂ ಸಲ ತಮ್ಮ ಕಾಲ ಮೇಲೆ ನಡೆದು ಬಾಗಿಲು ದಾಟಿ ಒಳಗೆ ಬರಬೇಕು. ಹಾಗೆ ಬಂದರೆ ಶಿವರಾತ್ರಿಗೆ ಬಾಗಿಲು ಮುಚ್ಚುವ ಕಟ್ಟಳೆಯನ್ನು ತೆಗೆಯುವ ವಿಚಾರ ಮಾಡುತ್ತಾರೆ. ಒಬ್ಬರು ಬಿದ್ದರೂ, ಒಬ್ಬರನ್ನು ಹೊತ್ತು ತಂದರೂ, ಹನ್ನೆರಡು ವರ್ಷ ಯಾರೂ ಈ ಮಾತು ಎತ್ತುವಂತಿಲ್ಲ. ಐದು ಜನ ಯಾರೆಂದರೆ ನಾನು, ನನ್ನ ಗಂಡ ಯಮನಪ್ಪ, ಮಗಳು ಮಾಲನ, ಅವಳ ಮಗಳು ಒಂಬತ್ತು ವರ್ಷದ ಪಾರಿ, ಮತ್ತು ನಮ್ಮತ್ತೆ ಬಸಲಿಂಗವ್ವ. ಅತ್ತೆಗೆ ಎಂಬತ್ತೇಳು. ಹನ್ನೆರಡು ವರ್ಷ ಕಾಯುವ ವಯಸ್ಸಲ್ಲ. ಅವರನ್ನು ಬಿಟ್ಟು ನಾಲ್ವರೇ ಹೋಗುತ್ತೇವೆ ಎಂದು ಕೇಳೋಣವೇ ಎಂದರೆ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಬಿಟ್ಟ ಹೋಗಾಕ ನಾ ಏನ ಒಳಕಲ್ಲ ಏನ?" ಎಂದರು. ಮುಗಿಯಿತು.

ಮೊದಲ ಚೀಟಿಗೆ ನಾವು ಬಹಳ ದೂರ ಹೋಗಲಿಲ್ಲ. ಬಾಗಿಲಿನಿಂದ ಇನ್ನೂರು ಹೆಜ್ಜೆಗೆ ಒಂದು ಬೇವಿನಮರ, ಅಲ್ಲಿಗೆ. ಆದರೆ ತಯಾರಿ ನೋಡಬೇಕಿತ್ತು! ಯಮನಪ್ಪ ಎರಡು ಮಣ್ಣಿನ ಹೂಜಿ ಹೊತ್ತ, ಸಾಲದೆಂದು ಮತ್ತೊಂದು. ಎಲ್ಲರ ಸೊಂಟದಲ್ಲಿ ಉಳ್ಳಾಗಡ್ಡಿ, ಬಿಸಿಲು ತಾಗದಿರಲೆಂದು ಹಳೆಯ ಕಾಲದವರು ಇಟ್ಟುಕೊಳ್ಳುತ್ತಿದ್ದರಂತೆ. ಎಲ್ಲರ ಮಣಿಕಟ್ಟಿಗೆ ಕೈಗಂಟೆ. ಅದು ಹುಣಸೆಬೀಜದಷ್ಟು ಸಣ್ಣ ಸಾಮಾನು, ಮೈಯ ಶಾಖ ಮಿತಿ ಮೀರಿದರೆ ಕೂಗಿಕೊಳ್ಳುತ್ತದೆ, ಕೂಗಿದ್ದನ್ನು ಮರೆಯದೆ ಪಂಚಾಯತಿಗೆ ಚಾಡಿ ಹೇಳುತ್ತದೆ. ಬಾಗಿಲು ತೆರೆದಾಗ ನಾವು ಐವರೂ ಕಣ್ಣು ಮುಚ್ಚಿಕೊಂಡಿದ್ದೆವು. ಸುಟ್ಟ ನೆಲ ನೋಡುವ ಧೈರ್ಯ ಇರಲಿಲ್ಲ. ಮೊದಲು ಕಣ್ಣು ಬಿಟ್ಟವಳು ಪಾರಿ. "ಆಯೀ, ಸುಳ್ಳ ಹೇಳ್ಯಾರ!" ಎಂದು ಕಿರುಚಿದಳು. ಆಯಿ ಎಂದರೆ ಅಜ್ಜಿ, ನನ್ನನ್ನೇ ಕರೆದದ್ದು.

ಹಿರಿಯರೇ, ನಿಮಗೆ ಇದು ದಿನದ ಮಾತು, ನನಗೆ ಹುಟ್ಟಿದ ಮೇಲೆ ಮೊದಲ ಸಲ. ಬೇವು ಹೂ ಬಿಟ್ಟಿತ್ತು. ಬೇವು ಹೂ ಬಿಡುವುದು ಬೇಸಿಗೆಯಲ್ಲಿ ಎಂದೇ ನನಗೆ ಗೊತ್ತಿರಲಿಲ್ಲ, ಒಣಗಿದ ಹೂವನ್ನು ಡಬ್ಬಿಯಲ್ಲಿ ಮಾತ್ರ ಕಂಡವಳು. ಆಚೆಗೆ ಹೊಂಗೆ ಎಳೆ ಹಸಿರು, ಗುಡ್ಡದ ಅಡ್ಡಕ್ಕೆ ಕಕ್ಕೆಯ ಹಳದಿ ಗೊಂಚಲು, ಎಲ್ಲೋ ಒಂದು ಕೋಗಿಲೆ ಬಾಯಿ ಮುಚ್ಚದೆ ಕೂಗುತ್ತಿತ್ತು. ನಾವು ಒಳಗೆ ಕುಳಿತು ಸತ್ತುಹೋಗಿದೆ ಎಂದು ಅಳುತ್ತಿದ್ದ ಕಾಲದಲ್ಲಿ ಹೊರಗೆ ಗಿಡಗಳು ಮದುವೆ ಮಾಡಿಕೊಳ್ಳುತ್ತಿದ್ದವು! ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಅರವತ್ಮೂರು ಬೇಸಿಗೆ ಕಳೆದುಕೊಂಡೆನಲ್ಲ ಎಂದು ಬೇವಿನ ಬುಡದಲ್ಲಿ ನಿಂತು ಜೋರಾಗಿ ಬೈದೆ, ಯಾರನ್ನು ಎಂದು ಗೊತ್ತಿಲ್ಲ. ಅತ್ತೆ ಬೈಯಲಿಲ್ಲ. ಕೈ ಚಾಚಿ ಒಂದು ಕಡ್ಡಿ ಹೂ ಮುರಿದು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಮತ್ತೊಂದು ಮುರಿದರು. ಒಂದು ತಾಸು ನಿಂತು ವಾಪಸ್ಸು ಬಂದೆವು, ಕೂರಲೂ ಇಲ್ಲ.

ಎರಡನೆಯ ಚೀಟಿಗೆ ಗುಡ್ಡದ ಕೆಂಪು ಕಲ್ಲಿನ ಗುಹೆಗಳಿಗೆ ಹೋದೆವು. ಗವಿಯೊಳಗೆ ತಂಪು, ಉಂಡೆವು, ಪಾರಿ ಕಲ್ಲಿನಲ್ಲಿ ಕೊರೆದ ಕಂಬಗಳ ನಡುವೆ ಓಡಿದಳು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲ ಚೆನ್ನಾಗಿ ನಡೆಯಿತು. ಅದೇ ನಮ್ಮ ತಲೆ ತಿರುಗಿಸಿದ್ದು. ಇಷ್ಟೇ ತಾನೆ ಬೇಸಿಗೆ ಎಂದು ನಾನು ಬೀದಿಯ ತುಂಬ ಹೇಳಿಕೊಂಡು ಬಂದೆ.

ಮೂರನೆಯದು ಮಾವಿನ ತೋಪು, ಬಾಗಿಲಿನಿಂದ ಸಾವಿರದ ಇನ್ನೂರು ಹೆಜ್ಜೆ. ಬೆಳಿಗ್ಗೆ ಹತ್ತಕ್ಕೆ ಮುಟ್ಟಿದೆವು. ದೊಡ್ಡದೊಂದು ಮಾವಿನ ಮರದ ನೆರಳು ಒಂದು ಕಡೆಗೆ ಚಾಚಿಕೊಂಡಿತ್ತು, ಅದರ ನಟ್ಟನಡುವೆ ಜಮಖಾನ ಹಾಸಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರಬುತ್ತಿ, ಮೇಲೆ ಕೈಯಾರೆ ಕಿತ್ತ ಹಣ್ಣು. ಮಾಲನ ಹದಿನೈದು ವರ್ಷದಿಂದ ಹೀಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ, ಮೊಣಕೈವರೆಗೆ ರಸ ಸುರಿಸಿಕೊಂಡು ಗೊರಟೆ ಚೀಪಿದಳು. ಹೊಟ್ಟೆ ತುಂಬಿತು, ಗಾಳಿ ಬೀಸಿತು, ಐದೂ ಜನ ಹಾಗೇ ಅಡ್ಡಾದೆವು. ಐದೂ ಜನ ನಿದ್ದೆ ಹೋದೆವು.

ನೆರಳು ಸರಿಯುತ್ತದೆ ಎಂದು ನಮಗೆ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಶಾಲೆಯಲ್ಲಿ ಓದಿದ್ದೆವು. ಆದರೆ ನೆರಳಿನಲ್ಲಿ ಕೂತು ಗೊತ್ತಿರಲಿಲ್ಲ. ಚಳಿಗಾಲದಲ್ಲಿ ನೆರಳು ಯಾರಿಗೆ ಬೇಕು, ಬಿಸಿಲು ಹುಡುಕಿಕೊಂಡು ಹೋಗುತ್ತೇವೆ. ಬೇಸಿಗೆಯಲ್ಲಿ ಹೊದಿಕೆಯ ನೆರಳು ಊರಿನಷ್ಟು ದೊಡ್ಡದು, ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ. ನೆರಳು ಎಂದರೆ ಮನೆಯ ಗೋಡೆಯಂತೆ ಒಂದೇ ಕಡೆ ಇರುವ ವಸ್ತು ಎಂದು ನಮ್ಮ ಮೈ ನಂಬಿಕೊಂಡಿತ್ತು. ಕಣ್ಣು ಬಿಟ್ಟಿದ್ದು ಕೈಗಂಟೆಯ ಕೂಗಿಗೆ. ಜಮಖಾನ ಪೂರ್ತಿ ಬಿಸಿಲಿನಲ್ಲಿತ್ತು. ಮಾವಿನ ನೆರಳು ಮರದ ಆಚೆ ಬದಿಗೆ ಹೋಗಿ ತಣ್ಣಗೆ ಬಿದ್ದುಕೊಂಡಿತ್ತು. ಕೂಗುತ್ತಿದ್ದದ್ದು ಅತ್ತೆಯ ಗಂಟೆ. ಅವರ ಮುಖ ಕೆಂಪಗೆ, ತುಟಿ ಒಣಗಿ ಬಿರಿದಿತ್ತು, ಕರೆದರೆ ಓಗೊಡಲಿಲ್ಲ.

ಯಮನಪ್ಪ ತಾಯಿಯನ್ನು ಎತ್ತಿ ನೆರಳಿಗೆ ಒಯ್ದ, ಮಾಲನ ತನ್ನ ಸೆರಗನ್ನು ಹರಿದು ನೀರಿನಲ್ಲಿ ಅದ್ದಿ ಕಂಕುಳಿಗೆ, ಕುತ್ತಿಗೆಗೆ ಇಟ್ಟಳು, ಪಾರಿ ಬುತ್ತಿಯ ತಟ್ಟೆಯಿಂದ ಗಾಳಿ ಬೀಸುತ್ತಾ ಅಳುತ್ತಿದ್ದಳು. ನಾನು? ಬಾಯಿ ದೊಡ್ಡದಿದ್ದವಳು ನಾನು, ಅವತ್ತು ಅತ್ತೆಯ ಪಾದ ತಿಕ್ಕುತ್ತಾ ಕುಳಿತೆ. ಬಾಗಿಲಲ್ಲ, ಕಟ್ಟಳೆಯಲ್ಲ, ನನ್ನ ಹಟಕ್ಕೆ ಅತ್ತೆಯನ್ನು ಬಲಿ ಕೊಟ್ಟೆನಲ್ಲ ಎಂಬುದೊಂದೇ ತಲೆಯಲ್ಲಿ. ಮೂವತ್ತೆಂಟು ವರ್ಷ ಅವರೊಡನೆ ಜಗಳವಾಡಿದ್ದೇನೆ, ಉಪ್ಪಿಗೆ, ಒಗ್ಗರಣೆಗೆ, ಮಗಳ ಹೆಸರಿಗೆ. ಅವರಿಲ್ಲದ ಮನೆ ಹೇಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣು ಬಿಟ್ಟು, ಅಂಬಲಿ ಎರಡು ಗುಟುಕು ಕುಡಿದು, ಮರವನ್ನು ನೋಡಿ ಹೇಳಿದ ಮೊದಲ ಮಾತು: "ಗಿಡ ನೆಳ್ಳ ತಗೊಂಡ ಹೋಗೂ ಮುಂದ ನಮಗೊಂದ ಮಾತ ಹೇಳಬಾರದೇನ?"

ನಾನು ಅತ್ತುಬಿಟ್ಟೆ. ಹೊತ್ತುಕೊಂಡು ಹೋಗೋಣ, ಬಾಗಿಲು ಹಾಳಾಗಿ ಹೋಗಲಿ ಎಂದೆ. ಅತ್ತೆ ನನ್ನ ಕೈ ಕೊಡವಿದರು. "ಮುಟ್ಟಬ್ಯಾಡ. ನಾ ನಡದಽ ಬರಾಕಿ." ಬಿಸಿಲು ಇಳಿಯುವವರೆಗೆ ಅಲ್ಲೇ ಕುಳಿತೆವು, ನೆರಳು ಸರಿದಂತೆಲ್ಲ ನಾವೂ ಸರಿಯುತ್ತಾ. ಆಮೇಲೆ ಮರದಿಂದ ಮರಕ್ಕೆ, ಒಂದೊಂದರ ಕೆಳಗೂ ಕುಳಿತೆದ್ದು, ಸಾವಿರದ ಇನ್ನೂರು ಹೆಜ್ಜೆಗೆ ಎರಡೂವರೆ ತಾಸು ತೆಗೆದುಕೊಂಡು ಬಂದೆವು. ಬಾಗಿಲ ಹತ್ತಿರ ಯಮನಪ್ಪ ಕೈ ನೀಡಿದರೆ ಅದನ್ನೂ ಹಿಡಿಯಲಿಲ್ಲ. ತಾವೇ ಹೊಸ್ತಿಲು ದಾಟಿ, ಕಾವಲಿನವರ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತರು.

ಆದರೆ ಗಂಟೆ ಚಾಡಿ ಹೇಳದೆ ಬಿಟ್ಟೀತೆ? ಮರುದಿನವೇ ಪಂಚಾಯತಿಯಿಂದ ಕರೆ. ಗಂಟೆ ಯಾಕೆ ಕೂಗಿತು ಎಂದು ಗದಿಗೆಪ್ಪ ಕೇಳಿದ. ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು, ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಪಾರಿ ಆಟಕ್ಕೆ ಗಂಟೆಯನ್ನು ಬಿಸಿ ಕಲ್ಲಿನ ಮೇಲೆ ಇಟ್ಟಿದ್ದಳು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನ ಪಕ್ಕದಿಂದ ಯಮನಪ್ಪ ಎದ್ದುನಿಂತ. ನಮ್ಮ ಯಮನಪ್ಪ ಸಂತೆಯಲ್ಲಿ ಚೌಕಾಶಿ ಮಾಡುವುದಕ್ಕೂ ನನ್ನನ್ನೇ ಮುಂದೆ ದೂಡುವ ಮನುಷ್ಯ. ಎದ್ದುನಿಂತು ಇದ್ದದ್ದು ಇದ್ದಂತೆ ಹೇಳಿದ, ಉಂಡದ್ದು, ಮಲಗಿದ್ದು, ನೆರಳು ಹೋದದ್ದು, ತಾಯಿಗೆ ಎಚ್ಚರ ತಪ್ಪಿದ್ದು. ಕಡೆಗೆ ಹೇಳಿದ್ದು ಇದು: "ತಪ್ಪ ಬಿಸಲಿಂದಲ್ರಿ. ನಮಗ ನೆಳ್ಳಾಗ ಕುಂದ್ರಾಕ ಬರಂಗಿಲ್ಲ. ಅದನ್ನ ಕಲೀಬೇಕಂದ್ರ ಹೊರಗ ಹೋಗಬೇಕಲ್ರಿ, ಒಳಗ ಕುಂತ ಹೆಂಗ ಕಲಿಯೋಣ್ರಿ?"

ಇಷ್ಟು ಹೇಳಿ ಕುಳಿತ. ನಾನು ಮೇಜಿನ ಕೆಳಗೆ ಅವನ ಕೈ ಹಿಡಿದುಕೊಂಡೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಎದುರು ಹಾಗೆ ಕೈ ಹಿಡಿದದ್ದು ಅದೇ ಮೊದಲು. ಪಂಚಾಯತಿಯವರು ಎರಡು ದಿನ ತಮ್ಮತಮ್ಮಲ್ಲೇ ಗುದ್ದಾಡಿ, ಮುದುಕಿ ನಡೆದೇ ಬಂದದ್ದರಿಂದ ಷರತ್ತು ಮುರಿದಿಲ್ಲ, ಇನ್ನೊಮ್ಮೆ ಗಂಟೆ ಕೂಗಿದರೆ ಮಾತ್ರ ಅಲ್ಲಿಗೇ ಮುಗಿಯಿತು ಎಂದರು.

ಅಂದಿನಿಂದ ನಮ್ಮತ್ತೆ ಕೋಲು ಹಿಡಿದರು. ಎಲ್ಲಿಗೆ ಹೋದರೂ ಮೊದಲು ಮರದ ಸುತ್ತ ಒಂದು ಸುತ್ತು ಹಾಕಿ, ನೆರಳಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ಅದರ ಪಕ್ಕದಲ್ಲಿ ಕೂರುವುದು. ಕಡ್ಡಿ ಬಿಸಿಲಿಗೆ ಬಂತೋ, "ಸರೀರಿ!" ಎಂದು ಕೂಗುವುದು. ರೊಟ್ಟಿ ಬಾಯಲ್ಲಿದ್ದರೂ ಎದ್ದು ಜಮಖಾನ ಎಳೆಯಬೇಕು. ನಾಲ್ಕನೆಯ ಚೀಟಿಯಲ್ಲಿ ಹನ್ನೊಂದು ಸಲ ಎಬ್ಬಿಸಿದರು, ಮಾಲನಳಿಗೆ ತಲೆ ಕೆಟ್ಟುಹೋಯಿತು. ಐದನೆಯದರಲ್ಲಿ ನಾಲ್ಕೇ ಸಲ. ಏಕೆಂದರೆ ಅಷ್ಟರಲ್ಲಿ ಅವರಿಗೆ ಲೆಕ್ಕ ಸಿಕ್ಕಿತ್ತು. ಬೆಳಿಗ್ಗೆ ನೆರಳು ಪಡುವಣಕ್ಕೆ, ನಡುಹಗಲು ಬುಡಕ್ಕೆ, ಇಳಿಹೊತ್ತು ಮೂಡಣಕ್ಕೆ. ಹಾಗಾಗಿ ಬಂದ ಕೂಡಲೇ ನೆರಳಿನ ನಡುವೆ ಹಾಸಬಾರದು, ಬುಡಕ್ಕೆ ಒತ್ತಿ ಹಾಸಬೇಕು. ಹುಣಸೆಯ ನೆರಳು ಗಟ್ಟಿ, ಗುಲ್‌ಮೊಹರಿನದು ತೂತು, ನೋಡುವುದಕ್ಕೆ ಚೆಂದ, ಕೂರುವುದಕ್ಕಲ್ಲ. ಒಂಟಿ ಮರಕ್ಕಿಂತ ಜೋಡಿ ಮರ ವಾಸಿ, ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಉಂಡವರೆಲ್ಲ ಒಟ್ಟಿಗೆ ಮಲಗಬಾರದು. ಇವೆಲ್ಲ ನಿಮ್ಮಲ್ಲಿ ಕುರಿ ಕಾಯುವವರಿಗೂ ಗೊತ್ತಿದ್ದದ್ದು. ನಮ್ಮತ್ತೆ ಎಂಬತ್ತೇಳನೆಯ ವಯಸ್ಸಿನಲ್ಲಿ ಒಂದೊಂದಾಗಿ ಹೊಸದಾಗಿ ಕಂಡುಹಿಡಿದರು, ಮತ್ತು ಪ್ರತಿಯೊಂದಕ್ಕೂ ನಮ್ಮಿಂದ ಹೊಗಳಿಸಿಕೊಂಡರು.

ಏಳನೆಯದು ಹೊಳೆ. ಮೇ ಮೂವತ್ತೊಂಬತ್ತು, ಇಡೀ ಬೇಸಿಗೆಯಲ್ಲೇ ಅತಿ ಬಿಸಿಯ ದಿನ. ಪಂಚಾಯತಿಯವರು ಬೇಕೆಂದೇ ಆ ದಿನ ಕೊಟ್ಟರು, ಕೊಡಲಿ. ಗದಿಗೆಪ್ಪನೂ ಜೊತೆಗೆ ಬಂದ. ಕೊಡೆ, ಟೊಪ್ಪಿಗೆ, ಮೂಗಿನವರೆಗೆ ಸುತ್ತಿದ ವಸ್ತ್ರ, ಮಣಿಕಟ್ಟಿಗೆ ತನ್ನದೂ ಒಂದು ಕೈಗಂಟೆ, ಬಗಲಲ್ಲಿ ದಾಖಲೆ ಪುಸ್ತಕ. ನಮ್ಮ ಜೊತೆ ಹುಣಸೆಯ ಕೆಳಗೆ ಕೂರುವುದು ಹಿರಿಯನಿಗೆ ಸರಿಬರಲಿಲ್ಲವೋ ಏನೋ, ಆಚೆಯ ಒಂದು ಜಾಲಿಮರದ ನೆರಳಿನ ನಟ್ಟನಡುವೆ ಪುಸ್ತಕ ಬಿಚ್ಚಿಕೊಂಡು ಕುಳಿತ. ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ, ಇಬ್ಬರೂ ಬಾಯಿ ಬಿಡಲಿಲ್ಲ. ಪಾರಿ ಮೊಣಕಾಲುದ್ದದ ನೀರಿಗೆ ಇಳಿದು ಕೇಕೆ ಹಾಕಿದಳು. ಮಾಲನ ಇಳಿದಳು, ಯಮನಪ್ಪ ಧೋತರದ ಕಚ್ಚೆ ಕಟ್ಟಿ ಇಳಿದ. ಕಡೆಗೆ ಅತ್ತೆ ನನ್ನ ಭುಜ ಹಿಡಿದು, ಸೀರೆ ಮೇಲಕ್ಕೆತ್ತದೆ, ಹಾಗೇ ನಡೆದು ಹೋಗಿ ಹೊಳೆಯ ನಡುವೆ ಕುಳಿತುಬಿಟ್ಟರು. ಸೂರ್ಯ ನೆತ್ತಿಯ ಮೇಲೆ. ಎರಡು ಕೈಯಿಂದ ನೀರು ಮೊಗೆದು ತಲೆಗೆ ಹೊಯ್ದುಕೊಂಡು, "ಯಪ್ಪಾ ಶಿವನ, ಇದನ್ನ ಎಲ್ಲಿ ಮುಚ್ಚಿಟ್ಟಿದ್ದಿ ಇಷ್ಟ ದಿನಾ?" ಎಂದು ಗಟ್ಟಿಯಾಗಿ ಕೇಳಿದರು. ಹಿರಿಯರೇ, ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬ ನಾನು ಕಂಡಿಲ್ಲ.

ಅಷ್ಟರಲ್ಲಿ ದಂಡೆಯ ಮೇಲೆ ಗಂಟೆ ಕೂಗಿತು. ಒಬ್ಬರ ಕೈ ಒಬ್ಬರು ನೋಡಿಕೊಂಡೆವು. ನಮ್ಮದಲ್ಲ. ಗದಿಗೆಪ್ಪ ಪೆನ್ನು ಹಿಡಿದು, ಬಾಯಿ ತೆರೆದು, ಅತ್ತೆಯ ಸ್ನಾನವನ್ನೇ ನೋಡುತ್ತಾ ಕುಳಿತಿದ್ದ, ಅವನ ನೆರಳು ಯಾವಾಗಲೋ ಎದ್ದುಹೋಗಿತ್ತು. ಅತ್ತೆ ನೀರಿನೊಳಗಿಂದಲೇ ಕೋಲೆತ್ತಿ, "ಸರೀರಿ ಗದಿಗೆಪ್ಪನವರಽ, ಸರೀರಿ!" ಎಂದರು. ಆತ ತಡಬಡಿಸಿ ಎದ್ದು, ಕೊಡೆ ಬಿಟ್ಟು, ಟೊಪ್ಪಿಗೆ ಬಿಟ್ಟು ಓಡಿ ಬಂದು ನಮ್ಮ ಹುಣಸೆಯ ಬುಡಕ್ಕೆ ಕುಸಿದ. ನಾನೇ ಮಜ್ಜಿಗೆ ಕೊಟ್ಟೆ. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು, ಕಡೆಗೆ ಆತನೂ ನಕ್ಕ, ಕೆಮ್ಮದೆ ನಕ್ಕ. ಸಂಜೆ ಐದೂ ಜನ ನಮ್ಮ ಕಾಲ ಮೇಲೆ ಬಾಗಿಲು ದಾಟಿದೆವು.

ಇದೆಲ್ಲ ಆಗಿ ಹದಿನಾಲ್ಕು ದಿನ. ಈಗ ಮಳೆ ಬಂದಿದೆ, ಬೇಸಿಗೆ ಮುಗಿದಿದೆ. ಜಮಖಾನವನ್ನು ಒಗೆದು ಹಾಕಿದ್ದೇನೆ, ಮಾವಿನ ಕಲೆ ಹೋಗಿಲ್ಲ, ಹೋಗುವುದೂ ಬೇಡ. ಸಂಜೆ ನಾಲ್ಕಕ್ಕೆ ಊರ ಸಭೆ, ಅಲ್ಲಿ ಪಂಚಾಯತಿಯ ತೀರ್ಮಾನ ಓದುತ್ತಾರೆ. ಅಲ್ಲಿಯವರೆಗೆ ಕೈ ಸುಮ್ಮನಿರದೆಂದು ಇದನ್ನು ಬರೆಯುತ್ತಿದ್ದೇನೆ. ತೀರ್ಮಾನ ಏನೇ ಬರಲಿ, ನಿಮ್ಮ ಮೇಲೆ ನನಗೊಂದು ತಕರಾರಿದೆ. ನಿಮ್ಮ ಕಾಲದ ಬರಹ ನಮ್ಮ ಕಚೇರಿಯಲ್ಲಿ ರಾಶಿ ರಾಶಿ ಇದೆ. ಯಂತ್ರ ಹೇಗೆ ನಡೆಸಬೇಕು, ಪರೀಕ್ಷೆ ಹೇಗೆ ಪಾಸಾಗಬೇಕು, ಹೊಟ್ಟೆ ಹೇಗೆ ಕರಗಿಸಬೇಕು, ಎಲ್ಲ ಬರೆದಿಟ್ಟಿದ್ದೀರಿ. ಬೇಸಿಗೆಯಲ್ಲಿ ಮರದ ಕೆಳಗೆ ಹೇಗೆ ಕೂರಬೇಕು ಎಂದು ಒಬ್ಬರಾದರೂ ಬರೆದಿದ್ದೀರಾ? ನಾನು ಹುಡುಕಿ ನೋಡಿದೆ, ಇಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಬರೆಯಲಿಲ್ಲ, ಹಾಗಾಗಿ ಅದು ಒಂದೇ ತಲೆಮಾರಿನಲ್ಲಿ ಅಳಿಸಿಹೋಯಿತು. ಈ ಸಲ ರಜೆ ಮುಗಿಯುವ ಮುಂಚೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ. ಜಮಖಾನ ಎಳೆಯುವಾಗ ಯಾಕೆ ಎಳೆಯುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಮನೆಗೆ ಬಂದು ನಾಲ್ಕು ಸಾಲು ಬರೆದಿಡಿ. ಅಷ್ಟನ್ನು ಯಾರಾದರೂ ಬರೆದಿಟ್ಟಿದ್ದರೆ ಆ ಮಾವಿನ ಮರದ ಕೆಳಗೆ ನಮಗೆ ಆ ಗತಿ ಬರುತ್ತಿರಲಿಲ್ಲ.

ಸಭೆಯ ಗಂಟೆ ಬಾರಿಸಿದರು. ಹೋಗಿ ಬಂದು ಮುಗಿಸುತ್ತೇನೆ.

ಬಂದೆ. ಕೈ ಇನ್ನೂ ಒದ್ದೆ ಇದೆ, ಅಕ್ಷರ ಕಲಸಿದರೆ ತಾಳಿಕೊಳ್ಳಿ.

ಬಾಗಿಲ ಹೊರಗೆ ಮಳೆಯಲ್ಲೇ ಸಭೆ ನಡೆಯಿತು, ಒಬ್ಬರೂ ಒಳಗೆ ಓಡಲಿಲ್ಲ. ಗದಿಗೆಪ್ಪ ಎದ್ದುನಿಂತು ಪುಸ್ತಕ ಬಿಚ್ಚಿದ. "ಐದು ಜನ ಹೋದರು, ಐದು ಜನ ನಡೆದು ಬಂದರು, ಏಳು ಸಲ" ಎಂದು ಓದಿದ. ಮೂರನೆಯ ದಿನದ ಗಂಟೆಯನ್ನೂ ಬಿಡದೆ ಓದಿದ. ಆಮೇಲೆ ಏಳನೆಯ ದಿನ ತನ್ನದೇ ಗಂಟೆ ಕೂಗಿದ್ದನ್ನೂ ಓದಿದ, ಅದನ್ನು ಓದಬೇಕೆಂದು ಯಾರೂ ಕೇಳಿರಲಿಲ್ಲ. ಬರುವ ಶಿವರಾತ್ರಿಗೆ ಬಾಗಿಲು ಮುಚ್ಚುವ ಕಟ್ಟಳೆ ಇಲ್ಲ, ಬಸಲಿಂಗವ್ವನ ಹತ್ತಿರ ನೆರಳು ಕಲಿತ ಒಬ್ಬರಾದರೂ ಇರುವ ಮನೆ ಯಾವ ಹಗಲಿನಲ್ಲಿ ಬೇಕಾದರೂ ಹೊರಗೆ ಹೋಗಬಹುದು ಎಂದು ಓದಿ, ಕಲಿಯುವವರ ಪಟ್ಟಿಯಲ್ಲಿ ಮೊದಲ ಹೆಸರಾಗಿ ತನ್ನದನ್ನೇ ಬರೆದ. ಎಂಥ ಕೂಗು ಎದ್ದಿತೆಂದರೆ ಮಳೆಯ ಸದ್ದು ಕೇಳಿಸಲಿಲ್ಲ. ನಾನು ಯಮನಪ್ಪನ ಹೆಗಲ ಮೇಲೆ ತಲೆಯಿಟ್ಟು, ಊರೆಲ್ಲ ನೋಡುತ್ತಿರುವಾಗ, ಜೋರಾಗಿ ಅತ್ತುಬಿಟ್ಟೆ. ಕತ್ತಲಾಗುವ ಹೊತ್ತಿಗೆ ಪಟ್ಟಿಯಲ್ಲಿ ನೂರಾ ಹದಿನೆಂಟು ಮನೆಗಳಿದ್ದವು.

ಗದ್ದಲ ಇಳಿದ ಮೇಲೆ ಯಾರೋ ಒಂದು ಪ್ರಶ್ನೆ ಎತ್ತಿದರು. ಶಿವರಾತ್ರಿಯ ದಿನ ಬಾಗಿಲನ್ನು ಎಳೆದು ಮುಚ್ಚುವುದು ಊರಿನ ಎಲ್ಲರಿಗಿಂತ ಹಿರಿಯ ಹೆಂಗಸಿನ ಕೆಲಸ, ನೂರು ವರ್ಷದ ಪದ್ಧತಿ. ಕಳೆದ ಆರು ವರ್ಷದಿಂದ ಅದನ್ನು ಮುಚ್ಚುತ್ತಾ ಬಂದವರು ನಮ್ಮತ್ತೆ. ಪದ್ಧತಿಯನ್ನು ಪೂರ್ತಿ ಬಿಡುವುದು ಹೇಗೆ, ಸುಮ್ಮನೆ ಶಾಸ್ತ್ರಕ್ಕಾದರೂ ಒಂದು ಗಳಿಗೆ ಮುಚ್ಚಿ ತೆರೆಯೋಣವೇ, ಬಸಲಿಂಗವ್ವ ಏನು ಹೇಳುತ್ತಾರೆ ಎಂದು ಎಲ್ಲರೂ ಅವರ ಕಡೆ ತಿರುಗಿದರು.

ಅತ್ತೆ ಮುಖದ ಮೇಲಿನ ಮಳೆನೀರನ್ನು ಸೆರಗಿನಿಂದ ಒರೆಸಿಕೊಂಡರು.

"ಯಾರ ಬೇಕಾದ್ರೂ ಶಾಸ್ತ್ರ ಮಾಡ್ಕೋರಿ. ಅವತ್ತ ನಾ ಊರಾಗ ಇರಂಗಿಲ್ಲ, ಹೊಳಿಗೆ ಹೋಗಿರ್ತೀನಿ."

ಇಂತಿ ನಿಮ್ಮ,
ಫಕೀರವ್ವ ಸಾಲಿಮನಿ